ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರಿನ ಬೆಲೆ ನಿರ್ಧಾರ: ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗೆ ಹೊಂದುವ ಒಂದು ವಿಧಾನ

1. ಸಮಸ್ಯೆಯ ಸ್ವರೂಪ

ಹಳೆಯ ಕಾರಿನ ವ್ಯಾಪಾರ ಮೂರು ಪ್ರಶ್ನೆಗಳ ಮೇಲೆ ನಡೆಯುತ್ತದೆ: ಯಾವ ಮಾಡೆಲ್, ಎಷ್ಟು ಓಡಿದೆ, ಎಷ್ಟನೇ ಓನರ್. ಡೀಸೆಲ್ ಗಾಡಿಗೆ ಈ ಮೂರರ ಉತ್ತರ ಬಹುಮಟ್ಟಿಗೆ ಸಾಕು. ಉಳಿದದ್ದನ್ನು ಎಂಜಿನ್ನಿನ ಸದ್ದು ಕೇಳಿ, ಹೊಗೆ ನೋಡಿ ಹೇಳಬಲ್ಲ ಮೆಕ್ಯಾನಿಕ್‌ಗಳು ಹಾವೇರಿಯಲ್ಲೂ ರಾಣೇಬೆನ್ನೂರಿನಲ್ಲೂ ಇದ್ದಾರೆ. ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರಿಗೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಅದರ ಅತಿ ದುಬಾರಿ ಭಾಗವಾದ ಬ್ಯಾಟರಿ ನೆಲದಡಿ ಮುಚ್ಚಿಟ್ಟ ಪೆಟ್ಟಿಗೆಯಲ್ಲಿರುತ್ತದೆ. ಒಂದೇ ವರ್ಷದ, ಒಂದೇ ಮಾಡೆಲಿನ ಎರಡು ಕಾರುಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗೆ ಲಕ್ಷ ರೂಪಾಯಿಗೆ ಹತ್ತಿರದ ವ್ಯತ್ಯಾಸ ಇರಬಹುದು.

ಕೊಳ್ಳುವವನಿಗೆ ಕಾಣದ್ದು ಮಾರುವವನಿಗೆ ಗೊತ್ತಿದ್ದರೆ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸಿದರು. ಕೊಳ್ಳುವವರು ಎಲ್ಲ ಕಾರಿಗೂ ಸರಾಸರಿ ಬೆಲೆ ಕಟ್ಟುತ್ತಾರೆ. ಆ ಬೆಲೆ ಗಿಟ್ಟದೆ ಒಳ್ಳೆಯ ಕಾರಿನ ಮಾಲೀಕರು ಹಿಂದೆ ಸರಿಯುತ್ತಾರೆ. ಕೊನೆಗೆ ಮಾರುಕಟ್ಟೆಯಲ್ಲಿ ಕಳಪೆ ಗಾಡಿಗಳೇ ಉಳಿಯುತ್ತವೆ. ವಿದ್ಯುತ್ ಕಾರಿನ ವಿಷಯದಲ್ಲಿ ಈ ಅಪಾಯ ಹೆಚ್ಚು. ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ಮೊದಲು ಅಳೆದು, ಆಮೇಲೆ ಬೆಲೆ ಕಟ್ಟುವುದೇ ಇದಕ್ಕೆ ಪರಿಹಾರ ಎಂಬುದು ಈ ಲೇಖನದ ವಾದ.

2. ಬ್ಯಾಡಗಿಯ ಪಾಠ

ಅಳೆದು ಬೆಲೆ ಕಟ್ಟುವ ರೂಢಿ ಈ ಜಿಲ್ಲೆಗೆ ಹೊಸದಲ್ಲ. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್ ನಡೆಯುವಾಗ ಚೀಲದ ಬಾಯಿ ಬಿಚ್ಚಿರುತ್ತದೆ. ಖರೀದಿದಾರರು ಲಾಟಿನಿಂದ ಲಾಟಿಗೆ ಹೋಗಿ ಕೈತುಂಬ ಕಾಯಿ ತೆಗೆದು ಬಣ್ಣ, ಸುಕ್ಕು, ತೇವ ನೋಡಿ ದರ ಬರೆಯುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಯ ಬೆಲೆ ಖಾರಕ್ಕಿಂತ ಬಣ್ಣವನ್ನು ಅವಲಂಬಿಸಿದೆ. ಬಣ್ಣ ತೆಗೆಯುವ ಕಾರ್ಖಾನೆಗಳು ಅದನ್ನು ಪ್ರಯೋಗಾಲಯದಲ್ಲಿ ಅಳೆಸಿ ಕೊಳ್ಳುತ್ತವೆ.

ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕಾಯಿಯನ್ನು ಯಾರೂ ಮುಟ್ಟದಿದ್ದರೂ ಬಿಸಿಲು, ಸೆಕೆಗೆ ತಿಂಗಳುಗಳಲ್ಲಿ ಅದರ ಬಣ್ಣ ಇಳಿಯುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದದ್ದು ಅದಕ್ಕಾಗಿಯೇ. ಲಿಥಿಯಂ ಬ್ಯಾಟರಿಯೂ ಹಾಗೆ ಎರಡು ಬಗೆಯಲ್ಲಿ ಸವೆಯುತ್ತದೆ: ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲಿ ಒಂದಿಷ್ಟು, ಸುಮ್ಮನೆ ನಿಂತಾಗಲೂ ಕಾಲ ಕಳೆದಂತೆ ಒಂದಿಷ್ಟು. ಎರಡನೆಯ ಸವೆತವನ್ನು ಶಾಖ ಹೆಚ್ಚಿಸುತ್ತದೆ. ಹಾಗಾಗಿ ‘ಕಡಿಮೆ ಓಡಿದೆ’ ಎಂಬ ಮಾತು ಇಲ್ಲಿ ಅರ್ಧ ಮಾಹಿತಿ ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಚಾರ್ಜಾಗಿ ಬಯಲಲ್ಲೇ ನಿಲ್ಲುತ್ತಿದ್ದ ಕಾರು, ನೆರಳಲ್ಲಿ ನಿಂತು ಅದಕ್ಕಿಂತ ಹೆಚ್ಚು ಓಡಿದ ಕಾರಿಗಿಂತ ಕೀಳಾಗಿರಬಹುದು.

3. ಯಾವ ಬೆಲೆಯಿಂದ ಲೆಕ್ಕ ಆರಂಭಿಸಬೇಕು?

ಮಾರುವವರು ಸಾಮಾನ್ಯವಾಗಿ ತಾವು ಕೊಟ್ಟ ಬೆಲೆಯಿಂದ ಇಳಿಸುತ್ತ ಬರುತ್ತಾರೆ. ಅದು ಸರಿಯಾದ ಆರಂಭವಲ್ಲ. 2024ರ ಫೆಬ್ರವರಿಯಲ್ಲಿ ಟಾಟಾ ಕಂಪನಿ ಬ್ಯಾಟರಿ ಅಗ್ಗವಾದುದನ್ನು ಕಾರಣವಾಗಿ ಹೇಳಿ ನೆಕ್ಸಾನ್ ಇವಿ ಬೆಲೆಯನ್ನು 1.20 ಲಕ್ಷ ರೂಪಾಯಿವರೆಗೆ, ಟಿಯಾಗೊ ಇವಿ ಬೆಲೆಯನ್ನು 70,000 ರೂಪಾಯಿವರೆಗೆ ಇಳಿಸಿತು. ಅಂದು ಮನೆಯ ಮುಂದೆ ನಿಂತಿದ್ದ ಹಳೆಯ ಕಾರುಗಳ ಬೆಲೆಯೂ ಒಂದು ಕಿಲೋಮೀಟರ್ ಓಡದೆಯೇ ಇಳಿಯಿತು. ಮೊದಲ ಮಾಲೀಕರು ಆದಾಯ ತೆರಿಗೆ ಕಾಯ್ದೆಯ 80ಇಇಬಿ ಸೆಕ್ಷನ್ ಅಡಿ ವಾಹನ ಸಾಲದ ಬಡ್ಡಿಗೆ ಪಡೆದ ತೆರಿಗೆ ವಿನಾಯಿತಿಯೂ ಎರಡನೆಯವರಿಗೆ ಬರುವುದಿಲ್ಲ. 2023ರ ಮಾರ್ಚ್ 31ರ ನಂತರ ಮಂಜೂರಾದ ಸಾಲಕ್ಕೆ ಅದು ಅನ್ವಯಿಸುವುದೂ ಇಲ್ಲ. ಆದ್ದರಿಂದ ಅದೇ ಸಾಮರ್ಥ್ಯದ ಹೊಸ ಕಾರಿನ ಇಂದಿನ ಬೆಲೆಯೇ ಲೆಕ್ಕದ ತಳಹದಿಯಾಗಬೇಕು.

ಆ ಬೆಲೆಯನ್ನು ಗಾಡಿ ಮತ್ತು ಬ್ಯಾಟರಿ ಎಂದು ಎರಡು ಭಾಗ ಮಾಡುವುದಕ್ಕೆ ಮಾರುಕಟ್ಟೆಯಲ್ಲೇ ಆಧಾರವಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್ ಕಾರನ್ನು ಬ್ಯಾಟರಿ ಸಹಿತ 13.50 ಲಕ್ಷಕ್ಕೂ, ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ ಬಾಡಿಗೆ ಕಟ್ಟುವ ಕ್ರಮದಲ್ಲಿ 9.99 ಲಕ್ಷಕ್ಕೂ ಮಾರಿದರು. ವ್ಯತ್ಯಾಸ 3.51 ಲಕ್ಷ, ಅಂದರೆ ಪೂರ್ಣ ಬೆಲೆಯ ಶೇ. 26. ಬಿಡಿಭಾಗವಾಗಿ ಬ್ಯಾಟರಿ ಬದಲಿಸುವಾಗ ತೆರಿಗೆ, ಕೂಲಿ ಸೇರಿ ಇದಕ್ಕಿಂತ ದುಬಾರಿಯಾಗುವುದರಿಂದ ಮುಂದಿನ ಲೆಕ್ಕದಲ್ಲಿ ಹೆಚ್ಚಿನ ಪಾಲನ್ನು ಹಿಡಿದಿದೆ.

4. ಸೂತ್ರ ಮತ್ತು ಮಾದರಿ ಲೆಕ್ಕ

ಒಂದು ಕಾಲ್ಪನಿಕ ಕಾರನ್ನು ತೆಗೆದುಕೊಳ್ಳೋಣ. ಬ್ಯಾಟರಿ 24 ಯೂನಿಟ್ (ಕಿಲೋವ್ಯಾಟ್-ಅವರ್); ಹೊಸ ಕಾರಿನ ಇಂದಿನ ಬೆಲೆ 10 ಲಕ್ಷ; ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿದೆ. ಬ್ಯಾಟರಿಗೆ ಯೂನಿಟ್ಟಿಗೆ 15,000 ರೂಪಾಯಿಯಂತೆ 3.60 ಲಕ್ಷ, ಗಾಡಿಗೆ ಉಳಿದ 6.40 ಲಕ್ಷ ಎಂದು ಹಿಡಿಯೋಣ.

ಗಾಡಿ ಭಾಗ: ವರ್ಷಕ್ಕೆ ಶೇ. 12ರಂತೆ ಇಳಿಸಿದರೆ ಮೂರು ವರ್ಷಕ್ಕೆ ಉಳಿಯುವುದು 4.36 ಲಕ್ಷ.

ಬ್ಯಾಟರಿ ಭಾಗ: ಸಾಮರ್ಥ್ಯ ಶೇ. 100ರಿಂದ 70ಕ್ಕೆ ಇಳಿಯುವವರೆಗಿನ 30 ಅಂಶಗಳೇ ಅದರ ಆಯುಷ್ಯ ಎಂದು ಎಣಿಸೋಣ. ಉಳಿದ ಸಾಮರ್ಥ್ಯ ಶೇ. 92 ಇದ್ದರೆ 30ರಲ್ಲಿ 22 ಅಂಶ ಬಾಕಿ, ಬೆಲೆ 2.64 ಲಕ್ಷ. ಶೇ. 85 ಇದ್ದರೆ 15 ಅಂಶ ಬಾಕಿ, ಬೆಲೆ 1.80 ಲಕ್ಷ.

ಎರಡನ್ನೂ ಕೂಡಿಸಿ, ಗಿರಾಕಿಗಳು ಕಡಿಮೆ ಇರುವ ಮಾರುಕಟ್ಟೆಯ ಅಪಾಯಕ್ಕೆಂದು ಶೇ. 10 ಕಳೆದರೆ ಮೊದಲ ಕಾರಿಗೆ 6.30 ಲಕ್ಷ, ಎರಡನೆಯದಕ್ಕೆ 5.55 ಲಕ್ಷ ಬರುತ್ತದೆ. ಟೈರ್, ಎರಡನೇ ಕೀಲಿ, ಕಾರಿನೊಡನೆ ಬಂದ ಚಾರ್ಜರ್ ಇವುಗಳಲ್ಲಿ ಏನಾದರೂ ಇಲ್ಲದಿದ್ದರೆ ಅದರ ಖರ್ಚನ್ನು ಕೊನೆಯಲ್ಲಿ ಕಳೆಯಬೇಕು.

ಈಗ ಚಾಲ್ತಿಯಲ್ಲಿರುವ ಅಳತೆಗೆ ಇದನ್ನು ಹೋಲಿಸಿ ನೋಡಬಹುದು. ವಾಹನ ವಿಮೆಯ ಐಡಿವಿ (ವಿಮೆಗಾಗಿ ಘೋಷಿಸುವ ಗಾಡಿಯ ಮೌಲ್ಯ) ಪಟ್ಟಿಯಂತೆ ಮೂರು ವರ್ಷ ದಾಟಿ ನಾಲ್ಕು ತುಂಬದ ಗಾಡಿಗೆ ಶೇ. 40 ಸವಕಳಿ. ಅದರ ಪ್ರಕಾರ ಎರಡೂ ಕಾರುಗಳ ಬೆಲೆ 6 ಲಕ್ಷ. ಒಳ್ಳೆಯ ಬ್ಯಾಟರಿ ಕಾಪಾಡಿಕೊಂಡವರಿಗೆ 30,000 ನಷ್ಟ, ಸೊರಗಿದ ಬ್ಯಾಟರಿ ಕೊಂಡವರಿಗೆ 45,000 ಹೊರೆ. ಅಕರ್ಲಾಫ್ ಹೇಳಿದ ಸರಾಸರಿ ಬೆಲೆಯ ಅನ್ಯಾಯ ಇದೇ. ನಮ್ಮ ಸೂತ್ರದಲ್ಲಿ ಬ್ಯಾಟರಿಯ ಒಂದೊಂದು ಅಂಶದ ಬೆಲೆ 10,800 ರೂಪಾಯಿ. ಚೌಕಾಸಿ ನಡೆಯಬೇಕಾದದ್ದು ಇದರ ಮೇಲೆ.

5. ಊರಲ್ಲೇ ಅಳೆಯುವ ಬಗೆ

ಅಧಿಕೃತ ಸರ್ವಿಸ್ ಸೆಂಟರಿನ ಬ್ಯಾಟರಿ ವರದಿ ಎಲ್ಲಕ್ಕಿಂತ ಒಳ್ಳೆಯ ಆಧಾರ. ಅದು ಸಿಗದಿದ್ದರೆ ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಒಂದು ಸಬ್‌ಮೀಟರ್ ಹಾಕಿಯೂ ಪರೀಕ್ಷಿಸಬಹುದು. ಕಾರನ್ನು ಮೊದಲು ಪೂರ್ತಿ ಚಾರ್ಜ್ ಮಾಡಿ, ಶೇ. 20ಕ್ಕೆ ಬರುವವರೆಗೆ ಓಡಿಸಿ, ಮತ್ತೆ ಶೇ. 100ಕ್ಕೆ ಏರಿಸಬೇಕು. ಆರೇಳು ಗಂಟೆಯ ನಂತರ ಮೀಟರ್ 20.1 ಯೂನಿಟ್ ತೋರಿಸಿತು ಎನ್ನಿ. ಶೇ. 12 ಚಾರ್ಜಿಂಗ್‌ನಲ್ಲೇ ನಷ್ಟ ಎಂದು ಹಿಡಿದರೆ ಬ್ಯಾಟರಿಗೆ ಸೇರಿದ್ದು 17.7 ಯೂನಿಟ್. ಹೊಸ ಬ್ಯಾಟರಿಯಾಗಿದ್ದರೆ 24ರ ಶೇ. 80, ಅಂದರೆ 19.2 ಯೂನಿಟ್ ಸೇರಬೇಕಿತ್ತು. ಹಾಗಾಗಿ ಉಳಿದ ಸಾಮರ್ಥ್ಯ ಸುಮಾರು ಶೇ. 92.

ಈ ವಿಧಾನಕ್ಕೆ ಮಿತಿಗಳಿವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್ ಬಹುತೇಕ ಸಮವಾಗಿರುವುದರಿಂದ ಡ್ಯಾಶ್‌ಬೋರ್ಡಿನ ಶೇಕಡಾವಾರು ಸ್ವಲ್ಪ ತಪ್ಪಬಹುದು. ಮೊದಲು ಪೂರ್ತಿ ಚಾರ್ಜ್ ಮಾಡಬೇಕೆಂದದ್ದು ಅದಕ್ಕೇ. ಅಳತೆಯಲ್ಲಿ ಮೂರು ಅಂಶ ಆಚೀಚೆಯಾದರೆ ಬೆಲೆಯಲ್ಲಿ ಸುಮಾರು 32,000 ರೂಪಾಯಿ ವ್ಯತ್ಯಾಸವಾಗುತ್ತದೆ. ಶೇ. 70ಕ್ಕೆ ಇಳಿದ ಬ್ಯಾಟರಿ ಪೂರ್ತಿ ನಿರುಪಯೋಗಿಯೂ ಅಲ್ಲ. ರಾಣೇಬೆನ್ನೂರಿನ ಬೀಜದಂಗಡಿಯಿಂದ ಸುತ್ತಲ ಹಳ್ಳಿಗೆ ಹೋಗಿಬರಲು ಅದು ಸಾಕು. ಆದ್ದರಿಂದ ಈ ಸೂತ್ರ ಕೊಡುವುದು ಬ್ಯಾಟರಿಯ ಕನಿಷ್ಠ ಬೆಲೆ.

6. ಹುಬ್ಬಳ್ಳಿಯ ಮಾನದಂಡ

ಬೆಲೆ ಬಳಕೆಯನ್ನೂ ಅವಲಂಬಿಸಿದೆ. ಆಸ್ಪತ್ರೆ, ಮದುವೆ ಜವಳಿ, ವಿಮಾನ ನಿಲ್ದಾಣ ಹೀಗೆ ಹಲವು ಕೆಲಸಗಳಿಗೆ ಹಾವೇರಿಯವರು ಹೋಗುವುದು ಹುಬ್ಬಳ್ಳಿಗೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿಬರಲು ಸುಮಾರು 150 ಕಿಲೋಮೀಟರ್. ಎಸಿ ಹಾಕಿ ಹೆದ್ದಾರಿಯ ವೇಗದಲ್ಲಿ ಹೋದರೆ ಸಣ್ಣ ಕಾರು ಯೂನಿಟ್ಟಿಗೆ 8 ಕಿಲೋಮೀಟರ್ ಓಡುತ್ತದೆಂದು ಹಿಡಿದು, ಶೇ. 15 ಚಾರ್ಜ್ ಮೀಸಲಿಟ್ಟರೆ, ಶೇ. 92 ಸಾಮರ್ಥ್ಯದ ನಮ್ಮ ಕಾರು ಸರಿಯಾಗಿ 150 ಕಿಲೋಮೀಟರ್ ಮುಟ್ಟುತ್ತದೆ. ಶೇ. 85ರ ಕಾರು 139ಕ್ಕೇ ಮೀಸಲಿಗೆ ಕೈಹಾಕುತ್ತದೆ. ಹಾವೇರಿಯ ಗಿರಾಕಿಗೆ ಏಳು ಅಂಶಗಳ ವ್ಯತ್ಯಾಸ ದಾರಿಯಲ್ಲಿ ಚಾರ್ಜರ್ ಹುಡುಕುವ, ಹುಡುಕದಿರುವ ವ್ಯತ್ಯಾಸ. ಬ್ಯಾಡಗಿಯಿಂದ ಮೋಟೆಬೆನ್ನೂರಿನವರೆಗಷ್ಟೇ ಓಡಾಡುವ ವರ್ತಕನಿಗೆ ಅದು ಲೆಕ್ಕಕ್ಕೇ ಬಾರದು, ಅವನು 5.55 ಲಕ್ಷದ ಕಾರನ್ನೇ ಕೊಳ್ಳುವುದು ಜಾಣತನ.

7. ಕಾಗದಪತ್ರ ಮತ್ತು ತೆರಿಗೆ

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದು. ಜೀವಾವಧಿ ವಾರಂಟಿ ಎಂದು ಹೇಳುವ ಕಡೆ ಅದು ಮೊದಲ ಮಾಲೀಕರಿಗೆ ಮಾತ್ರ ಇರಬಹುದು. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತ ಬಳಕೆಯ ಕಾರು, ಹಳದಿ ಅಕ್ಷರವಿದ್ದರೆ ಬಾಡಿಗೆಗೆ ಓಡಿದ್ದು. ಟ್ಯಾಕ್ಸಿಯಾಗಿ ಓಡಿದ್ದರೆ ವಾರಂಟಿಯ ಕಿಲೋಮೀಟರ್ ಮಿತಿ ವರ್ಷದ ಮಿತಿಗಿಂತ ಮೊದಲೇ ಮುಗಿದಿರಬಹುದು. ಡೀಲರ್ ಮೂಲಕ ಕೊಂಡರೆ 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ತೀರ್ಮಾನದಂತೆ ಶೇ. 18 ತೆರಿಗೆ ಇದೆ. ಆದರೆ ಅದು ಡೀಲರಿನ ಲಾಭಾಂಶದ ಮೇಲೆ ಮಾತ್ರ. 50,000 ಲಾಭವಿದ್ದರೆ ತೆರಿಗೆ 9,000. ಇಡೀ ಬೆಲೆಗೆ ಶೇ. 18 ಎಂದು ಕೇಳಿದರೆ ಒಪ್ಪಬೇಕಿಲ್ಲ.

8. ಉಪಸಂಹಾರ

ಮಾದರಿ ಲೆಕ್ಕದ ಅಂಕಿಗಳು ಕಾರಿನಿಂದ ಕಾರಿಗೆ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಹೊಸ ಕಾರಿನ ಇಂದಿನ ಬೆಲೆಯಿಂದ ಆರಂಭಿಸಿ, ಬ್ಯಾಟರಿಯನ್ನು ಬೇರೆ ಎಣಿಸಿ, ಅಳೆದ ಅಂಶಕ್ಕೆ ತಕ್ಕ ಹಣ ಕೊಡುವುದೇ ಇಬ್ಬರಿಗೂ ನ್ಯಾಯ. ಆರ್‌ಸಿ ವರ್ಗಾವಣೆಯ ಕಾಗದಗಳ ಜೊತೆ ಬ್ಯಾಟರಿ ಪರೀಕ್ಷೆಯ ಚೀಟಿಯನ್ನೂ ಸಾರಿಗೆ ಇಲಾಖೆ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಕೊಳ್ಳುವವರು ಒಂದು ರಾತ್ರಿ ಮೀಟರ್ ಹಚ್ಚಿ ಚಾರ್ಜ್ ಮಾಡಿ ನೋಡದೆ ಮುಂಗಡ ಕೊಡಬಾರದು. ಅದಕ್ಕೆ ಒಪ್ಪದ ಮಾರಾಟಗಾರರ ಕಾರನ್ನು ಕೊಳ್ಳದಿರುವುದೇ ಲೇಸು.