ಥೇಮ್ಸ್ ತೀರದ ಉಪವನ

ನದೀತೀರವೆಂದೊಡನೆ ನಮ್ಮ ಕಣ್ಣಮುಂದೆ ಸ್ನಾನಘಟ್ಟ, ಅರಳಿಕಟ್ಟೆ, ದೇವಾಲಯದ ಗೋಪುರ ಇವು ನಿಲ್ಲುತ್ತವೆ. ಅಲ್ಲಿ ಕುಳಿತುಕೊಳ್ಳುವುದಕ್ಕೆ ನಾವು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಆದರೆ ಮಹಾನಗರಗಳಲ್ಲಿ ನದಿಯ ದಂಡೆಯು ಸರ್ವರ ಸೊತ್ತಾಗಿ ಉಳಿಯುವುದು ಸುಲಭವಲ್ಲ. ಹಡಗುಕಟ್ಟೆ, ಉಗ್ರಾಣ, ಕಾರ್ಖಾನೆಗಳು ಅದನ್ನು ಬೇಗನೆ ಆಕ್ರಮಿಸುತ್ತವೆ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣದ ದಡದಲ್ಲಿ ಸುಮಾರು 200 ಎಕರೆಗಳಷ್ಟು ವಿಸ್ತಾರವಾದ ಬ್ಯಾಟರ್ಸೀ ಉದ್ಯಾನವು ಹೇಗೆ ಹುಟ್ಟಿತು, ಹೇಗೆ ಉಳಿದುಬಂದಿತು ಎಂಬುದನ್ನು ವಿಚಾರಮಾಡೋಣ.

ಉದ್ಯಾನವಾಗುವುದಕ್ಕೆ ಮುನ್ನ ಅದು ತಗ್ಗಾದ ಜೌಗುನೆಲ. ಅಲ್ಲಿ ತೋಟಗಾರರು ಪಟ್ಟಣಕ್ಕಾಗಿ ಕಾಯಿಪಲ್ಯಗಳನ್ನು ಬೆಳೆಯುತ್ತಿದ್ದರು. 1829ರಲ್ಲಿ ಆಗಿನ ಪ್ರಧಾನಮಂತ್ರಿಯಾದ ವೆಲಿಂಗ್ಟನ್ ಪ್ರಭುವು ಇದೇ ಬಯಲಿನಲ್ಲಿ ವಿಂಚಿಲ್ಸೀ ಪ್ರಭುವಿನೊಡನೆ ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ನಿಂತನು, ಯಾರಿಗೂ ಗಾಯವಾಗಲಿಲ್ಲ. ಈ ವೆಲಿಂಗ್ಟನ್ನನು ಬೇರೆ ಯಾರೂ ಅಲ್ಲ, 1799ರ ಯುದ್ಧದ ತರುವಾಯ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ದರಿಯಾ ದೌಲತ್ ತೋಟದಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯೇ. ಭಾನುವಾರಗಳಲ್ಲಿ ಬಯಲಿಗೆ ದುಡಿಯುವ ಜನ ಬಂದು ಸೇರುತ್ತಿದ್ದರು. ಸಂತೆ, ಕತ್ತೆಗಳ ಓಟ, ಜೂಜು, ಕುಡಿತ ಎಲ್ಲವೂ ನಡೆಯುತ್ತಿದ್ದವು.

ಇದನ್ನು ಕಂಡು ಬೇಸತ್ತ ಆ ಊರಿನ ಪಾದ್ರಿ ರಾಬರ್ಟ್ ಈಡನ್ ಮತ್ತು ಕಟ್ಟಡಗಳ ಗುತ್ತಿಗೆದಾರ ಥಾಮಸ್ ಕ್ಯೂಬಿಟ್ ಇವರು ಉದ್ಯಾನವಾಗಬೇಕೆಂದು ವಾದಿಸಿದರು. 1846ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿತು. ನೆಲವನ್ನು ಎತ್ತರಿಸಲು ಅಪಾರವಾದ ಮಣ್ಣು ಬೇಕಾಯಿತು. ಅದೇ ಕಾಲದಲ್ಲಿ ಪೂರ್ವಲಂಡನ್ನಿನಲ್ಲಿ ವಿಕ್ಟೋರಿಯಾ ಹಡಗುಕಟ್ಟೆಯನ್ನು ಅಗೆಯುತ್ತಿದ್ದರು. ಆ ಮಣ್ಣನ್ನು ಇಲ್ಲಿಗೆ ಸಾಗಿಸಿದರು. ವ್ಯಾಪಾರಕ್ಕಾಗಿ ತೋಡಿದ ಮಣ್ಣೇ ಜನರ ವಿಹಾರಕ್ಕೆ ನೆಲವಾಯಿತು. 1858ರಲ್ಲಿ ವಿಕ್ಟೋರಿಯಾ ರಾಣಿಯು ಉದ್ಯಾನವನ್ನು ತೆರೆದಳು.

ಆದರೆ ಉತ್ತರದ ದಡದಿಂದ ಬರುವವರಿಗೆ ಅದೇ ವರ್ಷ ಕಟ್ಟಿ ಮುಗಿದ ಚೆಲ್ಸೀ ಸೇತುವೆಯಲ್ಲಿ ಸುಂಕದ ಕಟ್ಟೆಯೊಂದು ಕಾದಿತ್ತು. ತೋಟಕ್ಕೆ ಪ್ರವೇಶಧನವಿಲ್ಲ, ದಾರಿಗೆ ಮಾತ್ರ ಸುಂಕ! ಸುಂಕವು ರದ್ದಾದದ್ದು 1879ರಲ್ಲಿ.

ತೋಟದ ಮೇಲ್ವಿಚಾರಕನಾದ ಜಾನ್ ಗಿಬ್ಸನ್ ಎಂಬಾತನು ಯೌವನದಲ್ಲಿ ಇಂಡಿಯಾಕ್ಕೆ ಬಂದು, ಖಾಸಿ ಬೆಟ್ಟಗಳಿಂದ ಅಪೂರ್ವವಾದ ಹೂಗಿಡಗಳನ್ನು ಒಯ್ದಿದ್ದವನು. ಉಷ್ಣದೇಶದ ಬಾಳೆ, ತಾಳೆಗಳ ಜಾತಿಯ ಗಿಡಗಳನ್ನು ಬೇಸಗೆಯಲ್ಲಿ ಲಂಡನ್ನಿನ ಬಯಲುಗಾಳಿಗೆ ಇರಿಸಿ ಜನರನ್ನು ಬೆರಗುಗೊಳಿಸಿದನು. 1864ರಲ್ಲಿ ಹೊಸ ಫುಟ್‌ಬಾಲ್ ಸಂಘದ ನಿಯಮಗಳಂತೆ ಇಲ್ಲಿ ಪಂದ್ಯವೊಂದು ನಡೆಯಿತು. 1895ರ ಸುಮಾರಿನಲ್ಲಿ ಬೈಸಿಕಲ್ಲಿನ ಹುಚ್ಚು ಹತ್ತಿದಾಗ ಸಿರಿವಂತರ ಮನೆಯ ಹೆಂಗಸರೂ ಬಂದು ಇಲ್ಲಿ ಸವಾರಿ ಕಲಿತರು. ಸರೋವರದಲ್ಲಿ ದೋಣಿ, ಹುಲ್ಲಿನ ಮೇಲೆ ಚೆಂಡಾಟ, ಬೆಂಚಿನ ಮೇಲೆ ವೃದ್ಧರ ವಿಶ್ರಾಂತಿ ಇವು ನಿತ್ಯದ ನೋಟವಾದುವು.

ಎರಡು ಮಹಾಯುದ್ಧಗಳಲ್ಲಿ ಹೂವಿನ ನೆಲದಲ್ಲಿ ಕಾಯಿಪಲ್ಯಗಳು ಮತ್ತೆ ಬೆಳೆದುವು. 1951ರಲ್ಲಿ ರಾಷ್ಟ್ರೋತ್ಸವಕ್ಕಾಗಿ ವಿನೋದದ ತೋಟವನ್ನೂ ಯಂತ್ರಗಳ ಜಾತ್ರೆಯನ್ನೂ ನೆಲೆಗೊಳಿಸಿದರು. 1972ರಲ್ಲಿ ಅಲ್ಲಿನ ಏರಿಳಿತದ ರೈಲು ಕೆಟ್ಟು ಐವರು ಮಕ್ಕಳು ಮಡಿದರು. 1974ರಲ್ಲಿ ಜಾತ್ರೆಯು ಮುಚ್ಚಿತು. 1985ರಲ್ಲಿ ಜಪಾನಿನ ಬೌದ್ಧ ಭಿಕ್ಷುಗಳು ದಡದಲ್ಲಿ ಶಾಂತಿಯ ಸ್ತೂಪವನ್ನು ಕಟ್ಟಿದರು. 2015 ಮತ್ತು 2016ರಲ್ಲಿ ಉದ್ಯಾನದ ದಾರಿಗಳಲ್ಲಿಯೇ ವಿದ್ಯುತ್ ಮೋಟಾರುಗಳ ಪಂದ್ಯವನ್ನು ನಡೆಸಿದಾಗ, ಬೇಲಿಗಳ ಹೊರಗೆ ನಿಲ್ಲಬೇಕಾದ ನೆರೆಹೊರೆಯವರು ಬಲವಾಗಿ ಆಕ್ಷೇಪಿಸಿದರು. ಪಂದ್ಯವು ಮರಳಿ ಬರಲಿಲ್ಲ.

ಬಡವರ ಮೋಜನ್ನು ಅಳಿಸುವುದಕ್ಕಾಗಿಯೇ ರಚಿತವಾದ ತೋಟವು ಕಡೆಗೆ ಅವರದೇ ಆಯಿತು ಎಂಬುದು ಈ ಚರಿತ್ರೆಯ ವಿಶೇಷ. ಕಾಯಿದೆ, ರಾಣಿ, ಸಚಿವ ಇವರಿಂದ ಉದ್ಯಾನವು ಉಂಟಾಗಬಹುದು. ಅಲ್ಲಿ ದಿನವೂ ನಡೆದಾಡುವವರು ಅದನ್ನು ತಮ್ಮದೆಂದು ಕೇಳದಿದ್ದರೆ ಮಾತ್ರ ಅದು ಉಳಿಯದು. ನಮ್ಮ ಊರಿನ ಕೆರೆಯಂಗಳ, ಗೋಮಾಳ, ಗುಂಡುತೋಪುಗಳನ್ನು ಕುರಿತೂ ನಾವು ಈ ಮಾತನ್ನು ನೆನೆಯುವುದು ಒಳ್ಳೆಯದು.