ಪರದೆಯ ಮೇಲಿನ ಪಾಳೆಯಗಾರರು

ದಾವಣಗೆರೆ, ಹರಿಹರದ ಕಡೆಯಿಂದ ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದ ಶಾಲಾ ಮಕ್ಕಳು ಮೊದಲು ಕೇಳುವುದೇ ಓಬವ್ವನ ಕಿಂಡಿ ಎಲ್ಲಿ ಅಂತ. ಬಂಡೆಗಳ ನಡುವಿನ ಆ ಸಂದಿನಲ್ಲಿ ಒಂದು ಸಲಕ್ಕೆ ಒಬ್ಬರು, ಅದೂ ಮೈ ಹಿಡಿ ಮಾಡಿಕೊಂಡು ನುಸುಳಬೇಕು. ಹತ್ತಿರದಲ್ಲೇ ನೀರಿನ ದೊಣೆ. ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಬಂದವಳು ಕಿಂಡಿಯಲ್ಲಿ ನುಸುಳುವ ಶತ್ರುಗಳೆದುರು ಒನಕೆ ಹಿಡಿದು ನಿಂತ ಕತೆಗೆ ಜಾಗವೇ ಸಾಕ್ಷಿ ಹೇಳುವಂತಿದೆ. ಆದರೆ ಕಿಂಡಿಯ ಮುಂದೆ ನಿಂತ ನಮ್ಮ ಕಣ್ಣಿಗೆ ಕಟ್ಟುವವಳು ಜಯಂತಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ಒಂದೇ ಒಂದು ಹಾಡು ಜನರ ಬಾಯಲ್ಲಿ ಉಳಿದಿದ್ದ ಓಬವ್ವನಿಗೆ ಮುಖ ಕೊಟ್ಟಿತು.

ಇದು ನಮ್ಮ ಸೀಮೆಗಷ್ಟೇ ಆದದ್ದಲ್ಲ. ಸ್ಕಾಟ್ಲೆಂಡಿನ ವಿಲಿಯಂ ವಾಲೇಸ್‌ನ ಕತೆಯ ‘ಬ್ರೇವ್‌ಹಾರ್ಟ್’ (1995) ಬಂದ ಮೇಲೆ, ವಾಲೇಸ್ ಸ್ಮಾರಕದ ಬುಡದಲ್ಲೇ ನಟ ಮೆಲ್ ಗಿಬ್ಸನ್‌ನ ಮುಖ ಹೊತ್ತ ವಾಲೇಸ್ ವಿಗ್ರಹ ಬಂದು ಕೂತಿತ್ತು. 1297ರ ಸ್ಟರ್ಲಿಂಗ್ ಸೇತುವೆ ಕಾಳಗವನ್ನು ಆ ಚಿತ್ರ ಸೇತುವೆಯೇ ಇಲ್ಲದೆ ತೋರಿಸಿತು. ವಾಲೇಸ್‌ಗೆ ಮನಸೋತಂತೆ ತೋರಿಸಿದ ರಾಜಕುಮಾರಿ ಅವನು ಸಾಯುವಾಗ ಫ್ರಾನ್ಸಿನಲ್ಲಿದ್ದ ಚಿಕ್ಕ ಹುಡುಗಿ. ಚಿತ್ರಕತೆಗಾರ ನಂಬಿದ್ದು ವಾಲೇಸ್ ಸತ್ತು ನೂರೆಪ್ಪತ್ತು ವರ್ಷಗಳಾದ ಮೇಲೆ ಹುಟ್ಟಿದ ಒಂದು ವೀರಕಾವ್ಯವನ್ನು. ನಮ್ಮ ಐತಿಹಾಸಿಕ ಚಿತ್ರಗಳೂ ಶಾಸನ, ಬಖೈರುಗಳಿಂದ ಹುಟ್ಟಿದ್ದು ಕಡಿಮೆ. ಅವುಗಳ ತವರು ಕಂಪನಿ ನಾಟಕ, ಆಮೇಲೆ ಕಾದಂಬರಿ.

1960ರ ‘ರಣಧೀರ ಕಂಠೀರವ’ವನ್ನೇ ನೋಡಿ. ಕಲಾವಿದರೇ ಸೇರಿ ಹಣ ಹೂಡಿ ಮಾಡಿದ ಚಿತ್ರ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ರಂಗದ ಮೇಲೆ ಪಳಗಿದವರು. ಅಲ್ಲಿ ಕತ್ತಿಗಿಂತ ಮಾತು ಹರಿತ. ಯುದ್ಧ ಚಿಕ್ಕದು, ಸಂಭಾಷಣೆ ಉದ್ದ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ದಾವಣಗೆರೆಯ ಪ್ರೇಕ್ಷಕನಿಗೆ ಅದು ಹೊಸದೇನೂ ಅಲ್ಲ. ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970) ಇದೇ ದಾರಿಯಲ್ಲಿ ನಡೆದವು. ಎರಡನೆಯದಕ್ಕೆ ಬಣ್ಣ ಬಂತು, ಅಷ್ಟೆ.

ನಾನು ತಕರಾರು ತೆಗೆಯುವುದು ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದ ಬಗ್ಗೆ. ಕಪ್ಪ ಯಾಕೆ ಕೊಡಬೇಕು ಎಂದು ಬಿ. ಸರೋಜಾದೇವಿ ಗುಡುಗುವ ಮಾತು ಇವತ್ತಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ನಿರ್ದೇಶಕ ಬಿ.ಆರ್. ಪಂತುಲು ಎರಡು ವರ್ಷ ಮೊದಲು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲಿ ಶಿವಾಜಿ ಗಣೇಶನ್ ಬಾಯಲ್ಲೂ ಕಂದಾಯ ಕೊಡೆನೆಂಬ ಇಂಥದೇ ಗರ್ಜನೆ. ಕಿತ್ತೂರಿನ ಜಗಳದ ಮೂಲ ಬೇರೆ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಬೊಕ್ಕಸದ ಮೇಲೆ ಕೈ ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಸತ್ತ. ದತ್ತಕದ ಹಕ್ಕಿಗಾಗಿ ಎದ್ದ ಕಾಳಗ ಪರದೆಯ ಮೇಲೆ ಕಪ್ಪದ ಕಾಳಗವಾಯಿತು. ಕಿರೀಟ ಯಾವ ಕಾಲದ್ದು, ಕುದುರೆ ಯಾವ ತಳಿಯದು ಎಂದು ಸಿನಿಮಾದ ಮುಂದೆ ಕೂತು ಎಣಿಸುವವನಲ್ಲ ನಾನು. ಇಸವಿ ಆಚೀಚೆಯಾದರೂ ಸೈರಿಸಿಕೊಳ್ಳಬಹುದು. ಯುದ್ಧದ ಕಾರಣವನ್ನೇ ಬದಲಿಸಿದರೆ ಮಾತ್ರ ನೋಡುವವನ ಕೈಗೆ ಬೇರೊಂದು ಇತಿಹಾಸ ಸಿಗುತ್ತದೆ.

ದುರ್ಗದ ಇತಿಹಾಸವನ್ನು ಕತೆಯಾಗಿಸಿದವರಲ್ಲಿ ದೊಡ್ಡ ಹೆಸರು ತ.ರಾ.ಸು. ಅವರು 1920ರಲ್ಲಿ ಹುಟ್ಟಿದ್ದು ಇಲ್ಲೇ, ಹರಿಹರ ಸೀಮೆಯ ಮಲೇಬೆನ್ನೂರಿನಲ್ಲಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಬರೆದವರು ಕೊನೆಗೆ ‘ದುರ್ಗಾಸ್ತಮಾನ’ ಬರೆದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಅವರೇ ಇರಲಿಲ್ಲ. ತಮ್ಮ ಕಾದಂಬರಿಯ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ಅವರು ಬೇಸರಪಟ್ಟದ್ದು ಚಿತ್ರರಂಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅದು ಸಾಮಾಜಿಕ ಕಾದಂಬರಿಯ ಮಾತಾಯಿತು. ತಮಾಷೆಯೆಂದರೆ ಜನ ಅದೇ ಚಿತ್ರದಲ್ಲಿ ಇತಿಹಾಸವನ್ನೂ ಕಂಡುಕೊಂಡರು.

ಅವರದೇ ‘ಹಂಸಗೀತೆ’ಯನ್ನು 1975ರಲ್ಲಿ ಪರದೆಗೆ ತಂದವರು ಆ ‘ರಣಧೀರ ಕಂಠೀರವ’ದ ಜಿ.ವಿ. ಅಯ್ಯರ್. ಈ ಹದಿನೈದು ವರ್ಷದಲ್ಲಿ ಅವರು ಕಿರೀಟ, ಗರ್ಜನೆ ಎಲ್ಲ ಬಿಟ್ಟಿದ್ದರು. ಅನಂತನಾಗ್ ಅಭಿನಯದ ಭೈರವಿ ವೆಂಕಟಸುಬ್ಬಯ್ಯ ಸುಲ್ತಾನನಿಗಾಗಿ ಹಾಡಲು ಒಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಇದೂ ದಂತಕತೆಯೇ. ಆದರೆ ಅರಸೊತ್ತಿಗೆ ಮುರಿದು ಬೀಳುವ ಕಾಲದಲ್ಲಿ ಒಬ್ಬ ಹಾಡುಗಾರನ ಪಾಡೇನು ಎಂಬ ಪ್ರಶ್ನೆ ಸುಳ್ಳಲ್ಲ. ನನ್ನ ಮಟ್ಟಿಗೆ ದುರ್ಗದ ಕಾಲವನ್ನು ಹೆಚ್ಚು ನಿಜವಾಗಿ ತೋರಿಸಿದ್ದು ಯುದ್ಧವನ್ನು ಬದಿಗಿಟ್ಟ ಈ ಚಿತ್ರವೇ.

ಮುಂದೆ ಬಹಳ ದಿನ ಈ ಕಡೆ ಯಾರೂ ತಿರುಗಿ ನೋಡಲಿಲ್ಲ. 2006ರಲ್ಲಿ ಬಿ.ಎಲ್. ವೇಣು ಅವರ ಕತೆಯಿಂದ ಟಿ.ಎಸ್. ನಾಗಾಭರಣ ‘ಕಲ್ಲರಳಿ ಹೂವಾಗಿ’ ಮಾಡಿದರು. ದುರ್ಗದ ಪಾಳೆಯಗಾರ ಮದಕರಿ ನಾಯಕನಾಗಿ ಅಂಬರೀಷ್. ಮುಂದೆ ನಿಂತದ್ದು ಮಾತ್ರ ದುರ್ಗದ ಹುಡುಗ, ಮುಸ್ಲಿಂ ಹುಡುಗಿಯ ಪ್ರೇಮ. ಪ್ರೇಮ ಕಲ್ಪಿತ, ಆದರೆ ಮದಕರಿಯ ಪಡೆಯಲ್ಲಿ ಮುಸ್ಲಿಂ ಸೈನಿಕರಿದ್ದರು, ಮೈಸೂರಿನ ಹೈದರ್ ಅಲಿಯ ಕಡೆ ಹಿಂದೂ ಅಧಿಕಾರಿಗಳಿದ್ದರು ಎಂಬ ದಾಖಲೆಯ ಸಂಗತಿಗೆ ಅದು ಹತ್ತಿರ. ಇನ್ನು ಸುದೀಪರ ‘ವೀರ ಮದಕರಿ’ (2009) ತೆಲುಗಿನ ಪೊಲೀಸ್ ಕತೆಯೊಂದರ ರೀಮೇಕ್. ಅಲ್ಲಿ ಮದಕರಿ ಉಳಿದದ್ದು ಹೆಸರಿಗಷ್ಟೇ.

ಸಿನಿಮಾದವರಿಗೆ ನುಂಗಲು ಕಷ್ಟವಾಗುವುದು ನಿಜವಾದ ಮದಕರಿ. 1770ರಲ್ಲಿ ಮರಾಠರು ನಿಜಗಲ್ ಕೋಟೆ ಹಿಡಿದಾಗ ಅವನ ಪಡೆ ಅವರ ಜೊತೆಗಿತ್ತು. ಬೇರೆ ಹೊತ್ತಿನಲ್ಲಿ ಅವನು ಹೈದರನಿಗೆ ಹಣವನ್ನೂ ಪಡೆಯನ್ನೂ ಕೊಟ್ಟವನು. ಎರಡು ದೊಡ್ಡ ಶಕ್ತಿಗಳ ನಡುವೆ ಪಾಳೆಯಗಾರ ಬದುಕುತ್ತಿದ್ದುದೇ ಹಾಗೆ. 1779ರಲ್ಲಿ ದುರ್ಗ ಹೈದರನ ಕೈಗೆ ಬಿತ್ತು. ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಅವನ ಹಿಂದೆಯೇ ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಿದರೆಂದು ಬ್ರಿಟಿಷ್ ಕಾಲದ ಗೆಜೆಟಿಯರ್ ಹೇಳುತ್ತದೆ. ಇಷ್ಟು ಜನರನ್ನು ಊರು ಬಿಡಿಸಿದ್ದು ಯಾವ ಚಿತ್ರದ ನಡುಮಧ್ಯಕ್ಕೂ ಬಂದಿಲ್ಲ.

ನಮ್ಮೂರಿನ ಕತೆಯೂ ಪರದೆಗೆ ಒಗ್ಗುವಂಥದ್ದಲ್ಲ. ಬೇತೂರಿನ ಮಗ್ಗುಲ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರ್ ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆಸಿ ನೆಲೆ ನಿಲ್ಲಿಸಿದ, ಪೇಟೆ ಬೆಳೆಯಿತು. ಮದಕರಿಗಾಗಿ ಥಿಯೇಟರಿನಲ್ಲಿ ಕಣ್ಣೀರು ಹಾಕುವ ಊರಿನ ಮಾರುಕಟ್ಟೆಗೆ ಬುನಾದಿ ಹಾಕಿಸಿದವನು ಆ ಕತೆಯ ಖಳನಾಯಕ! ಹರಿಹರವೂ ಸವಣೂರಿನ ನವಾಬರು, ಬಿದನೂರಿನವರು, ಮರಾಠರು ಎಂದು ಕೈಯಿಂದ ಕೈಗೆ ದಾಟಿ 1763ರಲ್ಲಿ ಹೈದರನಿಗೆ ಸಿಕ್ಕಿದ್ದು.

2018ರಲ್ಲಿ ಮದಕರಿಯ ಪಾತ್ರ ಸುದೀಪರಿಗೋ ದರ್ಶನ್‌ಗೋ ಎಂಬ ಗಲಾಟೆ ಎದ್ದಾಗ ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದವರೆಗೂ ಮಾತು ಹೋಯಿತು. ನಾಯಕ ಯಾರ ಕುಲದವನು, ಯಾರ ಅಭಿಮಾನಿಗಳಿಗೆ ಸೇರಿದವನು ಎಂದು ವಾದಿಸಿದವರೇ ಎಲ್ಲ. ಚಿತ್ರದಲ್ಲಿ ನಿಜಗಲ್ ಇರುತ್ತದೆಯೇ ಎಂದು ಕೇಳಿದವರನ್ನು ನಾನು ಕಾಣೆ. ರಾಜೇಂದ್ರಸಿಂಗ್ ಬಾಬು ನಿರ್ದೇಶನದಲ್ಲಿ, ವೇಣು ಅವರ ಬರವಣಿಗೆಯಲ್ಲಿ, ದರ್ಶನ್ ನಾಯಕರಾಗಿ ಚಿತ್ರ ಶುರುವೇನೋ ಆಯಿತು. ನಡುವೆ ನಿಂತೂ ಹೋಯಿತು.