ಮಾತು ನಿಂತ ಮೇಲಿನ ಪ್ರಾರ್ಥನೆ

ಕ್ರೈಸ್ತ ಪರಂಪರೆಯಲ್ಲಿ ಜಪಸರ, ಕೀರ್ತನೆ, ಬಲಿಪೂಜೆಗಳ ಜೊತೆಗೆ ಮಾತಿಲ್ಲದ ಪ್ರಾರ್ಥನೆಯೂ ಇದೆ. ಏನನ್ನೂ ಬೇಡದೆ ದೇವರ ಸನ್ನಿಧಿಯಲ್ಲಿ ಸುಮ್ಮನೆ ಇರುವ ಈ ಧ್ಯಾನಪ್ರಾರ್ಥನೆಯೇ ಕ್ರೈಸ್ತ ಅನುಭಾವದ ಜೀವಾಳ. ಆ ಹಾದಿಯಲ್ಲಿ ನಡೆದ ಸಂತರೊಬ್ಬರು ನಮ್ಮ ಮಂಗಳೂರಿನಲ್ಲೂ ಬಾಳಿದ್ದರು.

ಅರಿವಿಗೆ ನಿಲುಕದ ದೇವರು

ದೇವರು ಬುದ್ಧಿಯ ಅಳತೆಗೆ ಸಿಕ್ಕುವವನಲ್ಲ, ಪ್ರೀತಿಗೆ ಒಲಿಯುವವನು ಎಂಬುದು 14ನೇ ಶತಮಾನದ ಇಂಗ್ಲೆಂಡಿನಲ್ಲಿ ಅನಾಮಧೇಯರೊಬ್ಬರು ಬರೆದ ‘ದ ಕ್ಲೌಡ್ ಆಫ್ ಅನ್‌ನೋಯಿಂಗ್’ ಗ್ರಂಥದ ತಿರುಳು. ಸ್ಪೇನಿನ ಶಿಲುಬೆಯ ಸಂತ ಯೊವಾನ್ನರು (1542–1591) ಇನ್ನೂ ಮುಂದೆ ಹೋದರು. ದೇವರ ಸುಳಿವೇ ಇಲ್ಲವೆನಿಸುವ ಕತ್ತಲೆಯೂ ಸಾಧನೆಯ ಒಂದು ಘಟ್ಟ, ಸಾಧಕರ ಅಹಂಕಾರ ಕರಗುವುದು ಅಲ್ಲಿಯೇ ಎಂದು ಅವರು ಕಂಡುಕೊಂಡರು.

ನಾಲ್ಕು ಬಗೆಯ ನೀರು

ಯೊವಾನ್ನರ ಹಿರಿಯ ಒಡನಾಡಿ ಸಂತ ತೆರೇಸಾ (1515–1582) ಅವಿಲಾ ಪಟ್ಟಣದಲ್ಲಿ 1562ರಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿನಿಯರಿಗೆ ಹೊಸ ಮಠ ಕಟ್ಟಿದರು. ದಿನಕ್ಕೆ ಎರಡು ಗಂಟೆಯ ಮೌನಪ್ರಾರ್ಥನೆ ಅಲ್ಲಿನ ಕಟ್ಟಳೆ. ತಮ್ಮ ಆತ್ಮಕಥೆಯಲ್ಲಿ ಅವರು ಪ್ರಾರ್ಥನೆಯನ್ನು ತೋಟಕ್ಕೆ ನೀರು ಕಟ್ಟುವ ಕೆಲಸಕ್ಕೆ ಹೋಲಿಸುತ್ತಾರೆ. ಮೊದಲು ಬಾವಿಯಿಂದ ಸೇದಿ ಹೊತ್ತು ಹಾಕಬೇಕು, ಆಮೇಲೆ ರಾಟೆ ನೆರವಾಗುತ್ತದೆ, ಮುಂದೆ ಕಾಲುವೆ ತಾನೇ ಹರಿದು ಬರುತ್ತದೆ, ಕೊನೆಗೆ ಮಳೆ. ಸೇದುವುದು ಮನುಷ್ಯರ ಪಾಲು, ಮಳೆ ದೇವರ ಕೃಪೆ. ಮುಗಿಲು ನೋಡುತ್ತ ಬಿತ್ತುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನ ಮಠದಲ್ಲಿ ಮರಿಯಂ

ಮಂಗಳೂರಿನಲ್ಲಿ ಬಾಳಿದ ಆ ಸಂತರು ಮರಿಯಂ ಬವಾರ್ದಿ. ಅವರು 1846ರಲ್ಲಿ ಗಲಿಲೇಯ ಸೀಮೆಯ ಇಬಿಲ್ಲಿನ್ ಹಳ್ಳಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. 1867ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠ ಸೇರಿ, 1870ರಲ್ಲಿ ಹೊಸ ಮಠ ಕಟ್ಟಲು ಹೊರಟ ಭಗಿನಿಯರೊಂದಿಗೆ ಮಂಗಳೂರಿಗೆ ಬಂದರು. 1871ರ ನವೆಂಬರ್ 21ರಂದು ಅಲ್ಲೇ ವ್ರತ ಸ್ವೀಕರಿಸಿದರು. ಅವರಿಗಾಗುತ್ತಿದ್ದ ದರ್ಶನಗಳ ಬಗ್ಗೆ ಹಿರಿಯರಲ್ಲಿ ಶಂಕೆ ಮೂಡಿ, 1872ರಲ್ಲಿ ಅವರನ್ನು ಫ್ರಾನ್ಸಿಗೆ ಕಳಿಸಿದರು. ಮರಿಯಂ ಆ ನಿರ್ಧಾರಕ್ಕೆ ತಲೆಬಾಗಿದರು.

1875ರಲ್ಲಿ ಬೆತ್ಲೆಹೇಮಿಗೆ ತೆರಳಿ ಅಲ್ಲಿನ ಮಠ ನಿರ್ಮಾಣದಲ್ಲಿ ತೊಡಗಿದರು. ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು, ಪೆಟ್ಟು ಕೊಳೆತು, 1878ರ ಆಗಸ್ಟ್ 26ರಂದು ತೀರಿಕೊಂಡರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಒರೆಗಲ್ಲು ಯಾವುದು?

ದರ್ಶನ, ಪರವಶತೆಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಸಂತ ಯೊವಾನ್ನರು ಎಚ್ಚರಿಸಿದ್ದರು. ನೆರೆಯವರ ಮೇಲಿನ ಪ್ರೀತಿ ಹೆಚ್ಚಿತೇ ಎಂಬುದನ್ನೇ ತೆರೇಸಾ ಕೇಳುತ್ತಿದ್ದರು. ಮೌನಪ್ರಾರ್ಥನೆಯನ್ನು ಅಳೆಯುವುದು ಈ ಒರೆಗಲ್ಲಿನಿಂದಲೇ. ಬಿಸಿಲಲ್ಲಿ ದುಡಿಯುವವರಿಗೆ ನೀರು ಹೊತ್ತ ಮರಿಯಂ ಆ ಪರೀಕ್ಷೆಯಲ್ಲಿ ಗೆದ್ದವರು.